ಕೊನೆಯ ಸಾಲಿನ ಚೀಟಿ

"ಬರಹ ಇರೋ ಪುಸ್ತಕ ಒಳಗೆ ಬಿಡಲ್ಲಮ್ಮ," ಎಂದು ಪಿಯಾನೊ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಗುಮಾಸ್ತ ಸ್ವರಪುಸ್ತಕವನ್ನು ಅವಳ ಕೈಯಿಂದ ತೆಗೆದು, ಬೆಂಚಿನ ಮೇಲೆ ಕೂತಿದ್ದ ಚಿಕ್ಕಮ್ಮನ ಮಡಿಲಲ್ಲಿಟ್ಟ. "ಒಳಗೆ ಇದರದೇ ಹೊಸ ಪ್ರತಿ ಇದೆ. ಅದನ್ನ ನೋಡ್ಕೊಂಡೇ ನುಡಿಸ್ಬೇಕು."

ಈ ಪುಸ್ತಕದಲ್ಲಿ, ಹೇಗೆ ನುಡಿಸಬೇಕೆಂದು ಹೇಳುವ ಇಟಾಲಿಯನ್ ಪದ ಇದ್ದಲ್ಲೆಲ್ಲ ಚಿಕ್ಕಮ್ಮ ಪೆನ್ಸಿಲ್ಲಿನಿಂದ ತನ್ನ ಮಾತು ಬರೆದಿದ್ದಳು. ಗಾಡಿ ಹೊಡೆಯುವವರ ಮನೆಯಲ್ಲಿ ಹುಟ್ಟಿದವಳ ಮಾತು. ಸದ್ದು ಹೆಚ್ಚಬೇಕಾದಲ್ಲಿ 'ಗಾಡಿ ಹತ್ತಿರ ಬಂತು'. ವೇಗ ತಗ್ಗಬೇಕಾದಲ್ಲಿ 'ಎತ್ತು ದಣಿದಿದೆ'. ಹದಿನೆಂಟು ವರ್ಷ ಚಿಕ್ಕಮ್ಮನ ಬಳಿ ಕಲಿಯುತ್ತ ಅವಳು ಓದಿದ್ದು ಇವನ್ನೇ. ಅಚ್ಚಿನ ಪದಗಳು ದಾರಿಬದಿಯ ಬೇಲಿಯಂತೆ ಕಣ್ಣಂಚಿನಲ್ಲೇ ಉಳಿದುಬಿಟ್ಟಿದ್ದವು. ಪರೀಕ್ಷೆಯಲ್ಲಿ ಅರ್ಥ ಕೇಳುತ್ತಾರೆಂದು ಗೊತ್ತಿತ್ತು. ಪುಸ್ತಕ ಎದುರಿಗಿರುತ್ತದಲ್ಲ, ನೋಡಿ ಹೇಳಿದರಾಯಿತು ಎಂದುಕೊಂಡಿದ್ದಳು.

ಲಕ್ವ ಹೊಡೆದು ಚಿಕ್ಕಮ್ಮನ ಎಡಗೈ ಬಿದ್ದುಹೋದ ಮೇಲೆ, ಶಾಲೆಯಲ್ಲಿ ಅವಳು ಮಾಡುತ್ತಿದ್ದ ಪಿಯಾನೊ ಕಲಿಸುವ ಕೆಲಸ ಖಾಲಿಯಾಗಿತ್ತು. ಇಂದು ಪಾಸಾದರೆ ಅದು ಅವಳಿಗೆ. ಇಲ್ಲವಾದರೆ ಬರುವ ತಿಂಗಳು ಬೇರೆ ಯಾರೋ ಬರುತ್ತಾರೆ. ಇವರಿಬ್ಬರಿಗೆ ಶಾಲೆ ಕೊಟ್ಟ ಎರಡು ಕೋಣೆಯ ಮನೆಗೂ ಅವರೇ.

"ಏನ್ ಮಾಡ್ಲಿ ಚಿಕ್ಕಮ್ಮ? ನಂಗೆ ಒಂದು ಪದಾನೂ ಬರಲ್ಲ."

"ದಾರಿ ಗೊತ್ತಿರೋ ಎತ್ತಿಗೆ ಮೈಲಿಗಲ್ಲು ಯಾಕೆ? ಹೋಗು."

"ನಿನ್ನ ಗಾದೆಗೆ ಅವ್ರು ಮಾರ್ಕು ಕೊಡ್ತಾರಾ?"

"ನನ್ನನ್ನೇ ಬೈಕೊಂಡು ಹೋಗು. ಸಿಟ್ಟಿದ್ರೆ ಕೈ ನಡುಗಲ್ಲ."

ಅವಳು ಒಳಗೆ ಕಾಲಿಟ್ಟಿದ್ದೇ ಭಾರದ ಬಾಗಿಲು ಬೆನ್ನ ಹಿಂದೆ ಧಡಾರನೆ ಬಡಿದುಕೊಂಡಿತು. ಪರೀಕ್ಷಕರು ಬೆಚ್ಚಿ ತಲೆಯೆತ್ತಿದರು. ನರೆತ ಹುಬ್ಬಿನ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಹಿರಿಯರು.

"ಐದು ಪದ ಕೇಳ್ತೀನಿ. ನಾಲ್ಕು ಸರಿ ಇರ್ಬೇಕು. ಇಲ್ದಿದ್ರೆ ನುಡಿಸೋ ತಂಟೆಯೇ ಇಲ್ಲ," ಎಂದು ಹೊಸ ಪ್ರತಿಯ ಒಂದು ಪದದ ಮೇಲೆ ಪೆನ್ನಿನ ತುದಿ ಇಟ್ಟರು. ಕ್ರೆಶೆಂಡೊ.

ಪದದ ಸುತ್ತ ಕಾಗದ ಬೆಳ್ಳಗಿತ್ತು, ಪೆನ್ಸಿಲ್ಲಿನ ಒಂದು ಗೀಟೂ ಇಲ್ಲ. ಅವಳು ಪಿಯಾನೊ ಮುಂದೆ ಕೂತು, ಬೆರಳುಗಳನ್ನು ಮಡಿಲ ಮೇಲಿಟ್ಟು, ಸೀರೆಯ ಮೇಲೆಯೇ ಆ ಸಾಲನ್ನು ಸದ್ದಿಲ್ಲದೆ ನುಡಿಸಿದಳು. ಬೆರಳು ಆ ಜಾಗಕ್ಕೆ ಬಂದಾಗ ಪೆನ್ಸಿಲ್ಲಿನ ಮಾತು ಎದ್ದು ನಿಂತಿತು.

"ಸದ್ದು ಸ್ವಲ್ಪಸ್ವಲ್ಪವೇ ಹೆಚ್ಚಬೇಕು."

ಸರಿ ಗುರುತು ಬಿತ್ತು. ರಿಟಾರ್ಡಾಂಡೊ. ಮತ್ತೆ ಬೆರಳುಗಳು ನಡೆದವು, ಎತ್ತು ದಣಿಯಿತು; 'ವೇಗ ತಗ್ಗಬೇಕು' ಎಂದಳು. ಸರಿ. ಮೂರನೆಯದಕ್ಕೆ, 'ಒಣಹುಲ್ಲಿಗೆ ಕಿಡಿ ಬಿತ್ತು' ಎಂದು ಚಿಕ್ಕಮ್ಮ ಬರೆದಿದ್ದಲ್ಲಿ, 'ಬೆಂಕಿಯಂತೆ' ಎಂದಳು. ಅದೂ ಸರಿ. ನಾಲ್ಕನೆಯದು ದೋಲ್ಚೆ. 'ಕರುವಿನ ಮೈ ಸವರು' ನೆನಪಾಯಿತು.

"ನಿಧಾನವಾಗಿ."

"ಅಲ್ಲ. ಮಧುರವಾಗಿ." ತಪ್ಪು ಗುರುತು ಬಿತ್ತು.

ಪೆನ್ನು ಕೊನೆಯ ಸಾಲಿಗೆ ಇಳಿಯಿತು. ಮೊರೆಂಡೊ.

ಅವಳು ಆ ಪದವನ್ನು ಕಂಡದ್ದು ಅದೇ ಮೊದಲು. ಹಳೆಯ ಪುಸ್ತಕದಲ್ಲಿ ಅಲ್ಲಿ ಮಾತ್ರ ಚಿಕ್ಕಮ್ಮ ಪದದ ಮೇಲೆಯೇ ಒಂದು ಚೀಟಿ ಅಂಟಿಸಿ, ಅದರ ಮೇಲೆ ಬರೆದಿದ್ದಳು. ಅಮ್ಮನನ್ನು ಮಣ್ಣು ಮಾಡಿದ ಮರುವಾರ, ಏಳು ವರ್ಷದ ಅವಳನ್ನು ಮೊದಲ ಸಲ ಪಿಯಾನೊ ಮುಂದೆ ಕೂರಿಸಿದಾಗ ಚೀಟಿಯ ಅಂಟು ಇನ್ನೂ ಹಸಿಯಾಗಿತ್ತು. ಉಗುರಿನಿಂದ ಕೆರೆಯಲು ಹೋಗಿ ಏಟು ತಿಂದಿದ್ದಳು. ಚಿಕ್ಕಮ್ಮ ಅವಳ ಮೇಲೆ ಕೈಯೆತ್ತಿದ್ದು ಅದೊಂದೇ ಸಲ.

"ಹೇಳಿ," ಎಂದರು ಪರೀಕ್ಷಕರು.

"ಮಗು ಮಲಗಿತು. ಬಾಗಿಲು ಮೆಲ್ಲಗೆ ಮುಂದೆ ಮಾಡು," ಎಂದು ಅವಳು ಚೀಟಿಯಲ್ಲಿದ್ದುದನ್ನೇ ಹೇಳಿದಳು.

"ಅದು ಕಥೆಯಾಯ್ತಮ್ಮ. ನಾನು ಕೇಳಿದ್ದು ಅರ್ಥ." ಪೆನ್ನು ಓರೆಯಾಗಿ ಒಂದು ಗೀಟು ಎಳೆಯಿತು. ಅದರ ಮೇಲೆ ಅಡ್ಡವಾಗಿ ಇನ್ನೊಂದು ಎಳೆದರೆ ತಪ್ಪು ಗುರುತು, ಅಲ್ಲಿಗೆ ಮುಗಿಯಿತು.

"ನುಡಿಸಿ ತೋರಿಸ್ತೀನಿ ಸರ್."

"ಹಾಗೆಲ್ಲ ನಿಯಮದಲ್ಲಿ..."

ಅವಳ ಕೈ ಆಗಲೇ ಪಿಯಾನೊದ ಕಪ್ಪುಬಿಳಿ ಮನೆಗಳ ಮೇಲಿತ್ತು. ಕೊನೆಯ ಸಾಲು ಮಾತ್ರ. ಒಂದು ಸ್ವರಕ್ಕಿಂತ ಮುಂದಿನದು ಹಗುರ, ಅದಕ್ಕಿಂತ ಅದರ ಮುಂದಿನದು. ಕೊನೆಯ ಮನೆಯನ್ನು ಅವಳು ಒತ್ತಲಿಲ್ಲ. ಬೆರಳಿನ ಭಾರ ತಾನಾಗಿ ಇಳಿಯುವವರೆಗೆ ಕಾದಳು. ಸದ್ದು ಎಳೆಎಳೆಯಾಗಿ ತೆಳುವಾಯಿತು. ಬೀದಿಯಲ್ಲಿ ಸೈಕಲ್ಲಿನ ಗಂಟೆಯೊಂದು ಕೇಳಿದಾಗ, ಕೋಣೆಯಲ್ಲಿ ಸ್ವರ ಇನ್ನೂ ಇದೆಯೋ ಇಲ್ಲವೋ ಇಬ್ಬರಿಗೂ ತಿಳಿಯಲಿಲ್ಲ.

ಪರೀಕ್ಷಕರು ಕನ್ನಡಕ ತೆಗೆದರು.

"ಯಾರು ಕಲಿಸಿದ್ದು?"

"ಹೊರಗೆ ಕೂತಿದ್ದಾರೆ."

"ನಿಘಂಟಲ್ಲಿ ಈ ಪದಕ್ಕೆ 'ಸಾಯುತ್ತಾ' ಅಂತಿದೆ. ಅವ್ರು ಹೇಳಿರ್ಲಿಲ್ವಾ?"

ಅವಳಿಗೆ ಎಲ್ಲಿಂದಲೋ ಹಸಿ ಅಂಟಿನ ವಾಸನೆ ಬಂದಂತಾಯಿತು.

ಓರೆ ಗೀಟಿನ ಮೇಲೆ ಪೆನ್ನು ಸುಮಾರು ಹೊತ್ತು ನಿಂತಿತ್ತು. ಆಮೇಲೆ ಅದರ ಬುಡಕ್ಕೊಂದು ಸಣ್ಣ ಕೊಂಡಿ ಸೇರಿಸಿ ಅದನ್ನು ಸರಿ ಗುರುತಾಗಿ ಮಾಡಿತು. "ಹೂಂ, ಮೊದಲಿಂದ ನುಡಿಸಿ," ಎಂದರು.

ಅವಳು ಮೊದಲಿನಿಂದ ಕೊನೆಯವರೆಗೆ ನುಡಿಸಿದಳು. ಅವರು ಹಾಳೆಗೆ ಸಹಿ ಹಾಕಿ, ಶಾಯಿ ಆರುವವರೆಗೆ ಊದಿ ಕೈಗಿತ್ತರು. "ಸೋಮವಾರ ಶಾಲೆಗೆ ತಲುಪಿಸಿ."

ಹೊರಗೆ ಚಿಕ್ಕಮ್ಮ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಬಲಗೈ ಪುಸ್ತಕದ ಮೇಲಿತ್ತು. ಬೆನ್ನ ಹಿಂದೆ ಬಾಗಿಲು ಬಡಿದುಕೊಳ್ಳಲು ಹೊರಟಿತು. ಅವಳು ತಟ್ಟನೆ ತಿರುಗಿ, ಹಾಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ಬಾಗಿಲನ್ನು ತಡೆದಳು. ಆಮೇಲೆ ಅಗುಳಿ ಸದ್ದಿಲ್ಲದೆ ಕೂರುವವರೆಗೆ ಅದನ್ನು ಕೂದಲೆಳೆಯಷ್ಟೇ ಮುಂದೆ ಮುಂದೆ ಎಳೆಯುತ್ತ ನಿಂತಳು.