ಬಿಚ್ಚದ ಕಂಕಣ

ಶುಭಕೃತು ಸಂವತ್ಸರದ ಆಷಾಢದಲ್ಲಿ, ಒಂದು ಮಂಗಳವಾರ ಸಂಜೆ, ಅಟ್ಟೂರಿನ ಮುನೇಶ್ವರನ ಗುಡಿಯಲ್ಲಿ ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಯಲಹಂಕ ಸ್ಟೇಷನ್ನಿನಲ್ಲಿ ಮೂಟೆ ಹೊರುವ ಆಂಜಿನಪ್ಪ ಸೈಕಲ್ಲನ್ನು ಹೊರಗೆ ಬೀಳಿಸಿಯೇ ಒಳಗೆ ಬಂದ.

"ಪೂಜಾರಪ್ಪ, ಎಣ್ಣೆ ಕೆಳಗಿಡು," ಎಂದ. "ನಿನ್ ತಮ್ಮ ಯಶವಂತಪುರದ ಟೇಶನ್ನಾಗೆ ಕುಂತಂಗೇ ಓಗ್ಬುಟ್ಟವ್ನೆ."

ನನ್ನ ತಮ್ಮ ಚಿಕ್ಕಬೈರಪ್ಪನಿಗೆ ನಲವತ್ತೊಂದು ವರ್ಷ. ಗೋಡೆಗೆ ಒರಗಿ ಕುಳಿತವನು ರೈಲು ಬಂದರೂ ಏಳಲಿಲ್ಲವಂತೆ. ಅವನ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದವಿತ್ತು. ಹೆಣ ತೊಳೆಯುವ ಮೊದಲು ನಾನೇ ಅದನ್ನು ಓದಿದೆ. 'ಸದರಿ ಗ್ರಾಮದಲ್ಲಿ ಒಂದು ಟ್ರಂಕು ಕಾರ್ಖಾನೆ ಈಗಾಗಲೇ ಚೆನ್ನಾಗಿ ನಡೆಯುತ್ತಿರುವುದರಿಂದ ಅರ್ಜಿದಾರರಿಗೆ ತಗಡು ಕೊಡಲು ಬರುವುದಿಲ್ಲ' ಎಂದಿತ್ತು.

ಚೆನ್ನಾಗಿ ನಡೆಯುತ್ತಿದ್ದ ಆ ಕಾರ್ಖಾನೆ ಬ್ಯಾಟರಾಯಪ್ಪನದು. ಅವನು ತೀರಿಹೋದ ನನ್ನ ಹೆಂಡತಿಯ ಒಡಹುಟ್ಟಿದ ತಮ್ಮ.

ಇದಕ್ಕೆ ನಾಲ್ಕು ವರ್ಷ ಮೊದಲು ಸರ್ಕಾರದವರು ಯಲಹಂಕದ ಸಂತೆಯಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದ್ದರು. ಹಳ್ಳಿಯವರು ಬೇಸಾಯ ಒಂದನ್ನೇ ನಂಬಬಾರದು, ಸಣ್ಣ ಕೈಗಾರಿಕೆ ಮಾಡಬೇಕು, ಯಂತ್ರಕ್ಕೆ ಸಾಲ ಕೊಡುತ್ತೇವೆ, ಪೇಟೆಯಲ್ಲಿ ಸಿಗದ ತಗಡನ್ನು ಸರ್ಕಾರದ ದರದಲ್ಲಿ ಕೊಡುತ್ತೇವೆ ಎಂದರು. ನನ್ನ ತಮ್ಮ ಆ ಮಾತನ್ನು ದೇವರ ವಾಕ್ಯದಂತೆ ನಂಬಿದ. ರಾಗಿ ಹೊಲದ ಅಂಚಿನಲ್ಲಿ ಚಪ್ಪರ ಹಾಕಿ, ತಗಡು ಕತ್ತರಿಸುವ ಯಂತ್ರ ತಂದು, ಟ್ರಂಕು ಮಾಡತೊಡಗಿದ. ಮಾಕಳಿಯಿಂದ ಕೋಗಿಲಿನವರೆಗೆ ಎಷ್ಟೋ ಮದುವೆ ಹೆಣ್ಣುಗಳು ಅವನ ಟ್ರಂಕು ಹೊತ್ತುಕೊಂಡೇ ಗಂಡನ ಮನೆಗೆ ಹೋದವು.

ಅದನ್ನು ನೋಡಿ ಬ್ಯಾಟರಾಯಪ್ಪನೂ ಒಂದು ಶೆಡ್ಡು ಕಟ್ಟಿಸಿದ. ಪಂಚಾಯಿತಿಯಲ್ಲಿದ್ದವನು ಅವನೇ. ಯಾವ ಕಾರ್ಖಾನೆ ನಿಜ, ಯಾವುದು ಸುಳ್ಳು ಎಂದು ಬರೆದುಕೊಡುವವನೂ ಅವನೇ. ತನ್ನದು ನಿಜವೆಂದೂ ಚಿಕ್ಕಬೈರಪ್ಪ ಬರೀ ಬಿಂದಿಗೆಗೆ ಬೆಸುಗೆ ಹಾಕುವವನೆಂದೂ ಬರೆದುಕೊಟ್ಟ. ಊರಿನ ತಗಡೆಲ್ಲ ಅವನ ಬಾಗಿಲಿಗೆ ಬಂತು. ಬಂದ ಹಾಗೆಯೇ ಹಗ್ಗ ಬಿಚ್ಚದೆ ಇನ್ನೊಂದು ಲಾರಿಯಲ್ಲಿ ಹೆಚ್ಚಿನ ಬೆಲೆಗೆ ಪೇಟೆಗೆ ಹೋಯಿತು. ನನ್ನ ತಮ್ಮನ ಯಂತ್ರ ತಗಡಿಲ್ಲದೆ ನಿಂತಿತು. ಅವನು ಹದಿಮೂರು ಸಲ ತಗಡು ಹಂಚುವ ಕಚೇರಿಗೆ ಅಲೆದ. ಹದಿಮೂರನೆಯ ಸಲ ಆ ಕಾಗದ ಸಿಕ್ಕಿತು.

ಬ್ಯಾಟರಾಯಪ್ಪನ ಯಂತ್ರ ಒಂದು ಸುತ್ತೂ ತಿರುಗುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಆಯುಧಪೂಜೆಯ ದಿನ ಊರಿನ ನೇಗಿಲು, ಗಾಡಿ, ಯಂತ್ರಗಳಿಗೆಲ್ಲ ಅರಿಶಿನದ ದಾರ ಕಟ್ಟುವವನು ನಾನು. ಕಟ್ಟಿದವನೇ ಬಿಚ್ಚಬೇಕು, ಬೇರೆ ಕೈ ತಾಗಬಾರದು. ನನ್ನ ತಮ್ಮ ಮೂರನೆಯ ದಿನ ಬೆಳಗಾಗುವ ಮೊದಲೇ ಗುಡಿಗೆ ಬಂದು, "ಅಣ್ಣ, ಬಿಚ್ಕೊಡು, ಕೆಲಸ ನಿಂತೈತೆ," ಎನ್ನುತ್ತಿದ್ದ. ಬ್ಯಾಟರಾಯಪ್ಪ ಬಿಚ್ಚಲು ಕರೆಯಲೇ ಇಲ್ಲ. ಯುಗಾದಿಗೆ ನಾನಾಗಿಯೇ ಹೋಗಿ ನೋಡಿದರೆ ದಾರ ಕಟ್ಟಿದ ಹಾಗೇ ಇತ್ತು.

ತಮ್ಮನಿಗೆ ಹೇಳಿದೆ. ಅವನು, "ಓಗ್ಲಿ ಬಿಡಣ್ಣ, ನೆಂಟ. ನಾವ್ ಬಾಯಿ ಬಿಟ್ರೆ ಅತ್ತಿಗೆ ತವರು ಮುಳುಗ್ತದೆ," ಎಂದ. ಸುಮ್ಮನಾದೆ. ಆ ಸುಮ್ಮನಿದ್ದುದನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ತಮ್ಮ ಸತ್ತ ವರ್ಷದ ಆಯುಧಪೂಜೆಗೆ ಬ್ಯಾಟರಾಯಪ್ಪ ನನ್ನನ್ನು ಕರೆಯಲು ಬಂದ. "ಮನಸ್ನಾಗೆ ಏನೂ ಇಟ್ಕಾಬ್ಯಾಡ ಬಾವ. ಆಯಸ್ಸು ಮುಗೀತು, ಓದ," ಎಂದ. ನಾನು ಹೋದೆ. ಪೂಜಾರಪ್ಪ ದೊಡ್ಡ ಮನುಷ್ಯ, ಮರೆತುಬಿಟ್ಟ ಎಂದು ಊರೆಲ್ಲ ಹೊಗಳಿತು.

ಬೇರೆಯವರಿಗೆ ಮೂರೆಳೆಯ ದಾರ ಕಟ್ಟುತ್ತಿದ್ದೆ. ಅವನ ಯಂತ್ರದ ಚಕ್ರವನ್ನು ಕಂಬಿಗೆ ಸೇರಿಸಿ ಒಂಬತ್ತೆಳೆ ಕಟ್ಟಿದೆ.

"ಏನ್ ಬಾವ, ಎತ್ತು ಕಟ್ಟಾಕ್ತಿದೀಯಾ?" ಎಂದು ಅವನು ನಕ್ಕ.

"ಎತ್ತಲ್ಲ, ಲಕ್ಷ್ಮಿ. ಓಡೋಗ್ಬಾರ್ದಲ್ಲ," ಎಂದೆ. ಅವನ ಹೆಂಡತಿ ದ್ರೌಪದಮ್ಮ ಭಕ್ತಿಯಿಂದ ಕೈಮುಗಿದಳು. "ನಾನು ಬಿಚ್ಚುವ ತನಕ ಯಾರೂ ಮುಟ್ಟಬ್ಯಾಡಿ. ಮುಟ್ಟಿದ ಕೈ ಉಳಿಯಾಕಿಲ್ಲ," ಎಂದು ಹೇಳಿ ಬಂದೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಒಂಬತ್ತು ತಿಂಗಳು ಕಾದೆ. ಪ್ರತಿ ಆಷಾಢದಲ್ಲಿ ಕಚೇರಿಯಿಂದ ತನಿಖೆಗೆ ಬರುತ್ತಾರೆಂದು ನನಗೆ ಗೊತ್ತಿತ್ತು. ಹಿಂದೆ ಬಂದವರು ಪೇಟೆಯಿಂದ ತಂದು ಜೋಡಿಸಿದ ಟ್ರಂಕುಗಳನ್ನು ನೋಡಿ, ಎಳನೀರು ಕುಡಿದು ಹೋಗುತ್ತಿದ್ದರು. ಆ ವರ್ಷ ಬಂದವರು ತಾಜುದ್ದೀನ್ ಎಂಬ ಹೊಸ ಸಾಹೇಬರು. ಎಳನೀರು ಬೇಡವೆಂದರಂತೆ. "ಯಂತ್ರ ತಿರುಗಿಸಿ, ಒಂದು ತಗಡು ಕತ್ತರಿಸಿ ತೋರ್ಸಿ," ಎಂದರಂತೆ. ಕೂಲಿಗೆ ಕರೆತಂದಿದ್ದ ಇಬ್ಬರು ಆಳುಗಳು ದಾರವನ್ನು ನೋಡಿ ಹಿಂದೆ ಸರಿದರು. ಬ್ಯಾಟರಾಯಪ್ಪ ತಾನೇ ಕುಡುಗೋಲು ತೆಗೆದುಕೊಂಡ. ದ್ರೌಪದಮ್ಮ ಅವನ ಕೈ ಹಿಡಿದುಕೊಂಡು ಅತ್ತಳು. ಕೊನೆಗೆ ನನಗೆ ಹೇಳಿಕಳಿಸಿದರು.

ನಾನು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ನಿಧಾನವಾಗಿ ಹೋದೆ.

"ಬಿಚ್ಚು ಬಾವ ಬೇಗ, ಸಾಯೇಬ್ರು ಕಾಯ್ತಾವ್ರೆ," ಎಂದ ಬ್ಯಾಟರಾಯಪ್ಪ.

ನಾನು ಚಕ್ರಕ್ಕೆ ಕೈಮುಗಿದು ನಿಂತೆ. ಸಾಹೇಬರು, "ಇದೇನು ಹಿರಿಯರೇ, ಯಾವಾಗ ಕಟ್ಟಿದ್ದು?" ಎಂದು ಕೇಳಿದರು.

"ಓದ ಆಯುಧಪೂಜೆಗೆ, ಸ್ವಾಮಿ. ಈ ಕೈಯಿಂದಲೇ ಕಟ್ಟಿದ್ದು."

"ನಡುವೆ ಬಿಚ್ಚಿ ಮತ್ತೆ ಕಟ್ಟಿದ್ದೀರಾ?"

"ನಮ್ಮಲ್ಲಿ ವರ್ಷಕ್ಕೆ ಒಂದೇ ಸಲ ಕಟ್ಟೋದು. ಊರಾಗೆ ಯಾರನ್ನಾದ್ರೂ ಕೇಳಿ."

ಸಾಹೇಬರು ದಾರದ ಮೇಲಿನ ಒಣಗಿದ ಕುಂಕುಮವನ್ನು ಬೆರಳಿನಿಂದ ಮುಟ್ಟದೆ ಬಗ್ಗಿ ನೋಡಿದರು. ಆಮೇಲೆ ಬ್ಯಾಟರಾಯಪ್ಪನ ಕಡೆ ತಿರುಗಿ, "ಒಂಬತ್ತು ತಿಂಗಳಲ್ಲಿ ನಾನೂರು ಟ್ರಂಕು ಮಾಡಿದ್ದೀನಿ ಅಂತ ಬರೆದಿದ್ದೀರಿ. ಹಲ್ಲಲ್ಲಿ ಕತ್ತರಿಸಿದ್ರಾ?" ಎಂದರು.

ಹೊರಗೆ ನಿಂತಿದ್ದವರಲ್ಲಿ ಯಾರೋ ನಕ್ಕರು. ಬ್ಯಾಟರಾಯಪ್ಪ ನನ್ನ ಕಾಲ ಬಳಿ ಕುಳಿತ. "ಬಾವ, ಅಕ್ಕನ ಮೊಕ ನೋಡ್ಬೇಕಾಗಿತ್ತು," ಎಂದ.

"ಗೋಡೆಗೊರಗಿ ಕುಂತಿದ್ದ ನನ್ ತಮ್ಮನ ಮೊಕ ನೀನ್ ನೋಡ್ದಾ?" ಎಂದು ಕೇಳಿ, ಬಿಚ್ಚದೆಯೇ ಹಿಂದಿರುಗಿದೆ.

ತಗಡು ನಿಂತಿತು. ಪರವಾನಗಿ ಹೋಯಿತು. ಶೆಡ್ಡಿಗೆ ಸರ್ಕಾರದ ಬೀಗ ಬಿತ್ತು. ಪಂಚಾಯಿತಿಯಲ್ಲಿ ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಬೇರೆಯವರು ಕುಳಿತರು. ಅವನು ಗುಡಿಯ ಮುಂದೆ ತಲೆ ತಗ್ಗಿಸಿ ಹೋಗುವುದನ್ನು ನಾನು ಪ್ರತಿದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅದು ನನಗೆ ಹಿತವಾಗಿತ್ತು. ಇಲ್ಲವೆಂದು ಹೇಳಿದರೆ ದೇವರ ಮುಂದೆ ಸುಳ್ಳಾದೀತು.

ಸಾಹೇಬರು ಬಂದುಹೋದ ಮಾರನೆಯ ವಾರವೇ ತಮ್ಮನ ವರ್ಷದ ಎಡೆ. ಅವನ ಹೆಂಡತಿ ಮುನಿಗಂಗಮ್ಮ ಎಲೆಯ ಮುಂದೆ ಕುಳಿತು ಕೇಳಿದಳು: "ದಾರ ಬಿಚ್ಚಿ ಬಂದ್ರಾ ಬಾವ?"

"ಇಲ್ಲಮ್ಮ."

"ಅವ್ರಿದ್ದಿದ್ರೆ ಬಿಚ್ಚಿಸ್ತಿದ್ರು."

"ಅವನಿಲ್ವಲ್ಲಮ್ಮ, ಅದಕ್ಕೇ ಬಿಚ್ಚಿಲ್ಲ," ಎಂದೆ. ಅವಳು ಎಡೆಗೆ ಇನ್ನೊಂದು ಹಿಡಿ ಅನ್ನ ಬಡಿಸಿದಳು.

ಇದಾಗಿ ಐದು ವರ್ಷ. ಬೀಗ ಹಾಕಿದ ಆ ಶೆಡ್ಡಿನೊಳಗೆ ಚಕ್ರ ತುಕ್ಕು ಹಿಡಿದಿದೆ. ದಾರ ಇನ್ನೂ ಇದೆ. ಕಿಟಕಿಯ ಸಂದಿನಲ್ಲಿ ಕಾಣುತ್ತದೆ.

ಮುನೇಶ್ವರಾ, ನಿನ್ನ ಹೆಸರಿನ ದಾರದಿಂದ ನಾನು ಹಗೆ ಕಟ್ಟಿದೆ. ಅದರ ಪಾಪವೇನಿದ್ದರೂ ನನ್ನ ತಲೆಗಿರಲಿ, ನನ್ನ ತಮ್ಮನ ದಾರಿಗೆ ಅದು ತೊಡರದಿರಲಿ. ಕಚೇರಿಯ ಮೆಟ್ಟಿಲಲ್ಲಿ ಕಾದು ಕಾದು ಸೋತವನು ಅವನು. ನಿನ್ನ ಬಾಗಿಲಲ್ಲಿ ಅವನನ್ನು ಕಾಯಿಸಬೇಡ ತಂದೆ. ಕರೆದು ಒಳಗೆ ಕೂರಿಸಿಕೊಂಡು, ಅವನ ಜೀವಕ್ಕೆ ನೆಮ್ಮದಿ ಕೊಡು.