ಕೈ ನಿಂತ ಸಮಯ

ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಗಡಿಯಾರದಮ್ಮ ಎನ್ನುತ್ತಿದ್ದರು. ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡು, ಕೈಯಲ್ಲಿ ರಟ್ಟು ಹಿಡಿದು, ಹೊಲಿಗೆಯವರ ಹಿಂದೆ ನಿಂತು, ಒಂದು ಕಾಲರ್ ಕೂಡಿಸಲು ಎಷ್ಟು ಸೆಕೆಂಡು, ಒಂದು ಕಾಜ ಹಾಕಲು ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುವುದು ಅವಳ ಕೆಲಸ. ಅವಳು ಬಂದು ನಿಂತರೆ ಸಾಲಿಗೆ ಸಾಲೇ ಮಾತು ನಿಲ್ಲಿಸುತ್ತಿತ್ತು. ಅವಳನ್ನು ಇಷ್ಟಪಡುವವರು ಯಾರೂ ಇರಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಅವಳ ಹಾಳೆ ಸುಳ್ಳು ಎಂದವರೂ ಇರಲಿಲ್ಲ. ಹಾಳೆಯ ಬಲಗಡೆ ‘ಕೈ ನಿಂತ ಸಮಯ’ ಎಂಬ ಕಾಲಂ, ಅದರ ಪಕ್ಕ ‘ಕಾರಣ’. ದಾರ ಹರಿದರೆ ದಾರ, ಬಟ್ಟೆಯ ಕಟ್ಟು ತಡವಾಗಿ ಬಂದರೆ ಕಟ್ಟು, ಸೂಪರ್‌ವೈಸರ್ ಬಂದು ಬೈದು ಹೋದರೆ ಸೂಪರ್‌ವೈಸರ್. ಯಾರ ಮುಖವನ್ನೂ ನೋಡದೆ ಬರೆಯುತ್ತಿದ್ದಳು.

ಅವಳ ಮಗಳು ಆರನೇ ಕ್ಲಾಸು. ಹೋಮ್‌ವರ್ಕ್‌ಗೆಂದು ಸಂಜೆ ಐದಕ್ಕೆ ಕೂತರೆ ಎಂಟೂವರೆಗೆ ಏಳುತ್ತಿದ್ದಳು. ಅಷ್ಟು ಹೊತ್ತು ಕೂತರೂ ಒಂದೊಂದು ದಿನ ಅರ್ಧವೂ ಆಗಿರುತ್ತಿರಲಿಲ್ಲ. ಪೆನ್ನು ಹಿಡಿದು ಗೋಡೆ ನೋಡುತ್ತಿದ್ದಳು. ಇದು ಅಪ್ಪನ ಕಡೆಯಿಂದ ಬಂದದ್ದು ಎಂದು ಅಜ್ಜಿ ಒಪ್ಪಿಕೊಂಡುಬಿಟ್ಟಿದ್ದರು. “ನಿನ್ನ ಗಂಡ ಮೂರನೇ ಕ್ಲಾಸಿನ ಲೆಕ್ಕ ಇನ್ನೂ ಮುಗಿಸಿಲ್ಲ ಕಣೇ, ಅದಕ್ಕೇ ಬಸ್ಸು ಓಡಿಸ್ತಾ ಊರೂರು ತಲೆತಪ್ಪಿಸ್ಕೊಂಡು ತಿರುಗ್ತಿದಾನೆ,” ಎಂದು ಹೇಳಿ ಸೊಸೆಯನ್ನು ನಗಿಸುತ್ತಿದ್ದರು.

ಗಡಿಯಾರದಮ್ಮನಿಗೆ ನಗು ನಿಂತದ್ದು ಒಂದು ಸೋಮವಾರ. ಮಗಳ ಡೈರಿಯಲ್ಲಿ ಕ್ಲಾಸ್ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ನಿಮ್ಮ ಮಗಳಿಗೆ ಗಮನವೂ ಇಲ್ಲ, ಮನೆಯಲ್ಲಿ ತಿದ್ದುವವರೂ ಇಲ್ಲ.’ ಕೆಳಗೆ ಇನ್ನೊಂದು ಸಾಲು. ಮೂರು ವಾರದ ನಂತರದ ಶನಿವಾರ ಪೋಷಕರ ಸಭೆ ಇದೆ, ಗಮನ ಸಾಲದ ಮಕ್ಕಳನ್ನು ಅಂದು ಬೇರೆ ಸೆಕ್ಷನ್ನಿಗೆ ಕಳಿಸಲಾಗುವುದು. ಆ ಸೆಕ್ಷನ್ನು ಶಾಲೆಯ ಸಾಮಾನು ಕೋಣೆಯ ಪಕ್ಕದಲ್ಲಿತ್ತು. ಮಕ್ಕಳು ಅದನ್ನು ಗೋಡೌನ್ ಎನ್ನುತ್ತಿದ್ದರು.

ಮಗಳನ್ನು ಕೂರಿಸಿಕೊಂಡು ಕೇಳಿದಾಗ ಉಳಿದದ್ದೂ ಹೊರಬಿತ್ತು. ಹಿಂದಿನ ವಾರ ಟೀಚರ್ ಅವಳನ್ನು ಬೋರ್ಡಿನ ಹತ್ತಿರ ನಿಲ್ಲಿಸಿ ಎರಡು ಸಾಲು ಬರೆಯಲು ಹೇಳಿದ್ದರು. ಅವಳು ಬರೆದು ಮುಗಿಸುವವರೆಗೆ ಇಡೀ ಕ್ಲಾಸಿನಿಂದ ಒಂದು, ಎರಡು ಎಂದು ಎಣಿಕೆ ಮಾಡಿಸಿದ್ದರು. ನೂರಾ ನಲವತ್ತರವರೆಗೆ ಹೋಯಿತಂತೆ. ಅವತ್ತಿನಿಂದ ಮಕ್ಕಳು ಅವಳನ್ನು ಬಸವನಹುಳು ಎನ್ನುತ್ತಿದ್ದರು.

ತಾಯಿಗೆ ಮೈ ಉರಿದುಹೋಯಿತು. ಎಣಿಸಿದ್ದಕ್ಕಿಂತ ಹೆಚ್ಚು ಉರಿದದ್ದು ‘ತಿದ್ದುವವರೂ ಇಲ್ಲ’ ಎಂಬ ಮಾತಿಗೆ. ಆದರೆ ಅವಳು ಆ ಸಂಜೆಯೇ ಶಾಲೆಗೆ ಓಡಲಿಲ್ಲ. ಕೂಗಾಡಿದರೆ ಕೂಗಾಡಿದ್ದಷ್ಟೇ ನಾಲ್ಕು ಜನಕ್ಕೆ ನೆನಪಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಣಿಸುವ ಕೆಲಸವನ್ನು ಆ ಟೀಚರ್‌ಗಿಂತ ಚೆನ್ನಾಗಿ ತಾನು ಬಲ್ಲೆ ಅಂದುಕೊಂಡಳು. ಆ ಹೆಂಗಸಿಗೆ ಜನರ ಮುಂದೆಯೇ ಲೆಕ್ಕ ತೋರಿಸಬೇಕು, ಮಗಳು ಆ ಕ್ಲಾಸಿನಿಂದ ಕದಲಬಾರದು. ಇವೆರಡೂ ಅವಳಿಗೆ ಒಂದೇ ಆಗಿ ಕಂಡವು.

ಮರುದಿನದಿಂದ ಕಾರ್ಖಾನೆಯ ಖಾಲಿ ಹಾಳೆಗಳು ಮನೆಗೆ ಬಂದವು. ಮಗಳ ಬೆನ್ನ ಹಿಂದೆ ಇಸ್ತ್ರಿ ಮಾಡುವ ನೆಪದಲ್ಲಿ ನಿಂತು, ವಾಚನ್ನು ಮಡಿಸಿದ ಬಟ್ಟೆಯ ನಡುವೆ ಇಟ್ಟುಕೊಂಡು ಬರೆಯತೊಡಗಿದಳು. ಹನ್ನೆರಡು ಸಂಜೆ. ಅತ್ತೆಗೂ ಗುಟ್ಟು ಬಿಟ್ಟುಕೊಡಲಿಲ್ಲ. ಅದೇ ಎರಡು ಸೀರೆಗೆ ದಿನಾ ಇಸ್ತ್ರಿ ಬೀಳುವುದನ್ನು ನೋಡಿ ಅವರು, ಸೀರೆ ಇನ್ನು ಸ್ವಲ್ಪ ದಿನದಲ್ಲಿ ಕಾಗದವೇ ಆಗುತ್ತದೆ ಎಂದು ಗೊಣಗಿದರು.

ಮೂರನೇ ಸಂಜೆಯ ಹೊತ್ತಿಗೆ ಮೊದಲ ಸಂಗತಿ ಸಿಕ್ಕಿತು. ಮಗಳು ಬರೆಯುವುದು ನಿಧಾನವಲ್ಲ, ಬರೆದದ್ದನ್ನೇ ಬರೆಯುತ್ತಿದ್ದಳು. ಒಂದು ಅಕ್ಷರ ತಪ್ಪಿದರೂ ಹೊಡೆದುಹಾಕುವಂತಿಲ್ಲ, ಇಡೀ ಪುಟ ಹೊಸದಾಗಿ ಬರೆಯಬೇಕು ಎಂದು ಟೀಚರ್ ಕಟ್ಟಳೆ ಮಾಡಿದ್ದರು. ಪುಟದ ಕೊನೆ ಹತ್ತಿರ ಬಂದ ಹಾಗೆ ಮಗುವಿನ ಭುಜ ಮೇಲೇರುತ್ತಿತ್ತು, ಪೆನ್ನು ಬಿಗಿಯಾಗುತ್ತಿತ್ತು, ಅಲ್ಲೇ ತಪ್ಪು ಬೀಳುತ್ತಿತ್ತು. ಆಮೇಲೆ ಗೋಡೆ ನೋಡುವುದು. ಮತ್ತೆ ಹೊಸ ಪುಟ. ದಿನಕ್ಕೆ ಸರಾಸರಿ ಇನ್ನೂರ ಹತ್ತು ನಿಮಿಷದಲ್ಲಿ ನಿಜವಾದ ಕೆಲಸ ಐವತ್ತೈದು ನಿಮಿಷ. ಅದೇ ಪುಟಗಳನ್ನು ಮತ್ತೆ ಬರೆದದ್ದು ತೊಂಬತ್ತೆರಡು. ಉಳಿದ ಅರವತ್ತಮೂರು ಕೈ ನಿಂತ ಸಮಯ.

ಎರಡನೇ ಸಂಗತಿ ಸಿಕ್ಕಿದ್ದು ಆ ಅರವತ್ತಮೂರರ ಒಳಗೆ. ಯಾರಾದರೂ ಮಾತಾಡಿಸಿದರೆ ಮಗಳ ಕೈ ನಿಲ್ಲುತ್ತಿತ್ತು. ಮತ್ತೆ ಸಾಲು ಹುಡುಕಿ ಬರೆಯಲು ಶುರುಮಾಡಲು ಹೆಚ್ಚೂಕಡಿಮೆ ಮೂರು ನಿಮಿಷ ಬೇಕಾಗುತ್ತಿತ್ತು. ಹನ್ನೆರಡು ಸಂಜೆಯಲ್ಲಿ ಹೀಗೆ ನೂರಾ ಮೂವತ್ತೊಂದು ಸಲ. ಕನ್ನಡಕ ಎಲ್ಲಿ, ಮಾತ್ರೆ ಎಲ್ಲಿ ಎಂದು ಅಜ್ಜಿ ಇಪ್ಪತ್ತೊಂಬತ್ತು ಸಲ. ಬಾಗಿಲು, ಫೋನು ಸೇರಿ ಹದಿನೆಂಟು. ಮಿಕ್ಕ ಎಂಬತ್ನಾಲ್ಕು, ‘ಮುಗೀತಾ?’ ‘ಇನ್ನೂ ಎಷ್ಟಿದೆ?’ ‘ಇಲ್ಲೇ ಇದೀಯಾ ಇನ್ನೂ?’ ಎಂಬವು. ಆ ದನಿ ಅವಳದೇ.

ಇದು ಗಮನಕ್ಕೆ ಬಂದ ಮೇಲೂ ಅವಳು ಕೇಳುವುದನ್ನು ನಿಲ್ಲಿಸಲಿಲ್ಲ. ಅಳತೆಯ ನಡುವೆ ಕೆಲಸದ ರೀತಿ ಬದಲಾಯಿಸಬಾರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಬಾಯಿ ತಡೆಯಲಿಲ್ಲ.

ಹಾಳೆಯನ್ನು ಶುದ್ಧಪ್ರತಿ ಮಾಡುವಾಗ ಆ ಎಂಬತ್ನಾಲ್ಕನ್ನು ಬಿಟ್ಟುಬಿಡಬಹುದಾಗಿತ್ತು. ‘ಇತರೆ’ ಎಂದು ಬರೆದು ಬಾಗಿಲು, ಫೋನಿನ ಜೊತೆ ಸೇರಿಸಿದ್ದರೆ ಯಾರಪ್ಪನಿಗೂ ತಿಳಿಯುತ್ತಿರಲಿಲ್ಲ. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. ಕೊನೆಗೆ ‘ತಾಯಿ, 84’ ಎಂದು ಬರೆದಳು. ಪ್ರಾಮಾಣಿಕತೆಗಿಂತ ಅಲ್ಲಿ ಹಟ ಇತ್ತು. ಒಂದು ಅಂಕಿ ಮುಚ್ಚಿಟ್ಟರೂ ಆ ಟೀಚರ್ ಅದನ್ನೇ ಎತ್ತಿ ಹಿಡಿದು ಮಿಕ್ಕದ್ದನ್ನೆಲ್ಲ ತಳ್ಳಿಹಾಕಿಯಾರು.

ಸಭೆಯ ದಿನ ಬೆಳಿಗ್ಗೆ ಹತ್ತಕ್ಕೆ ಕ್ಲಾಸ್‌ರೂಮಿನಲ್ಲಿ ಇಪ್ಪತ್ತಾರು ಪೋಷಕರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಮಕ್ಕಳು ಹೊರಗೆ ವರಾಂಡದಲ್ಲಿದ್ದರು. ಹೆಡ್‌ಮಿಸ್ಟ್ರೆಸ್ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದರು. ಕ್ಲಾಸ್ ಟೀಚರ್ ಐದು ಹೆಸರು ಓದಿದರು. ಮೂರನೆಯದು ಗಡಿಯಾರದಮ್ಮನ ಮಗಳದು. ಈ ಮಕ್ಕಳಿಗೆ ಬುದ್ಧಿ ಇಲ್ಲವೆಂದಲ್ಲ, ಗಮನ ಇಲ್ಲ, ಒಂದು ಪುಟ ನಕಲು ಮಾಡಲು ಸಂಜೆಯೆಲ್ಲ ಬೇಕು, ಮನಸ್ಸಿಟ್ಟರೆ ಅದು ಹತ್ತು ನಿಮಿಷದ ಕೆಲಸ ಎಂದರು.

ಆ ಮಾತಿಗೇ ಅವಳು ಕಾದಿದ್ದಳು. ಎದ್ದು ನಿಂತು, ಮೆತ್ತಗಿನ ದನಿಯಲ್ಲಿ, “ಒಂದ್ಸಲ ಮಾಡಿ ತೋರಿಸ್ತೀರಾ ಟೀಚರ್? ಮನೇಲಿ ತಿದ್ದೋದು ಹೇಗೆ ಅಂತ ನಾವೂ ಕಲಿತ್ಕೋತೀವಿ,” ಎಂದಳು.

ನಾಲ್ಕಾರು ಜನ ನಕ್ಕರು. ಹೆಡ್‌ಮಿಸ್ಟ್ರೆಸ್ಸೂ ನಕ್ಕು, ಮಾಡಿಬಿಡಿ, ಹತ್ತು ನಿಮಿಷ ತಾನೇ ಎಂದರು. ಟೀಚರ್‌ಗೆ ಹಿಂದೆ ಸರಿಯಲು ದಾರಿ ಇರಲಿಲ್ಲ. ಗಡಿಯಾರದಮ್ಮ ಮಗಳ ವಿಜ್ಞಾನ ಪುಸ್ತಕ ತೆರೆದು, ಇಪ್ಪತ್ತನಾಲ್ಕು ಸಾಲಿನ ಪುಟವೊಂದನ್ನು ಮುಂದಿಟ್ಟಳು. ಪಕ್ಕದಲ್ಲಿ ಬಿಳಿ ಹಾಳೆ ಇಟ್ಟಳು. ಕೊರಳಿನ ವಾಚು ತೆಗೆದು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು.

ಮೊದಲ ಐದು ನಿಮಿಷ ಟೀಚರ್ ಚೆನ್ನಾಗಿಯೇ ಬರೆದರು. ಅಕ್ಷರ ಮುತ್ತಿನ ಹಾಗಿತ್ತು. ಗಡಿಯಾರದಮ್ಮ ಎರಡು ಹೆಜ್ಜೆ ಹಿಂದೆ ನಿಂತಿದ್ದಳು, ಕಾರ್ಖಾನೆಯಲ್ಲಿ ನಿಲ್ಲುವ ಹಾಗೆಯೇ. ಆಮೇಲೆ ಕೇಳಿದಳು, “ಮುಗೀತಾ ಟೀಚರ್?”

ಆ ಪ್ರಶ್ನೆಯ ಬೆಲೆ ಎಷ್ಟೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಟೀಚರ್ ಇಲ್ಲ ಎಂದು ತಲೆ ಆಡಿಸಿದರು, ಪುಸ್ತಕ ನೋಡಿದರು, ಸಾಲು ಹುಡುಕಿದರು. ಹನ್ನೊಂದನೇ ಸಾಲಿನಲ್ಲಿ ಒಂದು ಪದ ಬಿಟ್ಟುಹೋಯಿತು. ಅವರು ಅಭ್ಯಾಸಬಲದಿಂದ ಹೊಡೆದುಹಾಕಿ ಮೇಲೆ ಬರೆದರು.

“ಹೊಸ ಹಾಳೆ ಕೊಡ್ಲಾ?” ಎಂದಳು ಗಡಿಯಾರದಮ್ಮ. ಹಾಳೆ ಆಗಲೇ ಅವಳ ಕೈಯಲ್ಲಿತ್ತು.

ಈ ಸಲ ಯಾರೂ ನಗಲಿಲ್ಲ. ಬೆಂಚುಗಳಲ್ಲಿದ್ದ ಎಲ್ಲರ ಮನೆಯಲ್ಲೂ ಆ ಕಟ್ಟಳೆ ಇತ್ತು. ಟೀಚರ್ ಎರಡನೇ ಹಾಳೆ ತೆಗೆದುಕೊಂಡರು. ನಾಲ್ಕನೇ ಸಾಲಿನಲ್ಲಿ ತಪ್ಪಿತು. ಮೂರನೇ ಹಾಳೆಗೆ ಬರುವಾಗ ಹಣೆಯಲ್ಲಿ ಬೆವರು ಮೂಡಿತ್ತು, ಪೆನ್ನು ಹಿಡಿದ ಬೆರಳಿನ ತುದಿ ಬೆಳ್ಳಗಾಗಿತ್ತು. “ಇನ್ನೂ ಎಷ್ಟಿದೆ?” ಎಂದು ಗಡಿಯಾರದಮ್ಮ ಕೇಳಿದಳು. ಹಿಂದಿನ ಬೆಂಚಿನ ಒಬ್ಬ ತಂದೆ ಸಣ್ಣ ದನಿಯಲ್ಲಿ ಎಣಿಸತೊಡಗಿದ. ಅವನನ್ನು ಅವಳು ತಡೆಯಲಿಲ್ಲ. ಇಷ್ಟು ಚೆನ್ನಾಗಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಹತ್ತೊಂಬತ್ತನೇ ನಿಮಿಷದಲ್ಲಿ, ಹದಿನೇಳನೇ ಸಾಲಿನಲ್ಲಿ, ಟೀಚರ್ ಪೆನ್ನು ಕೆಳಗಿಟ್ಟರು.

ಗಡಿಯಾರದಮ್ಮ ತನ್ನ ಲೆಕ್ಕದ ಹಾಳೆಯನ್ನು ಹೆಡ್‌ಮಿಸ್ಟ್ರೆಸ್ ಕೈಗೆ ಕೊಟ್ಟು, ಐವತ್ತೈದು, ತೊಂಬತ್ತೆರಡು, ಅರವತ್ತಮೂರು ಎಂದು ಒಂದೊಂದಾಗಿ ವಿವರಿಸಿದಳು. ಟೀಚರ್ ಬಗ್ಗಿ ನೋಡಿದರು. ಅವರ ಕಣ್ಣು ನೇರ ಬಲಗಡೆಯ ಕಾಲಂಗೆ ಹೋಯಿತು. ಎಲ್ಲರಿಗೂ ಕೇಳುವ ಹಾಗೆ, “ತಾಯಿ, ಎಂಬತ್ನಾಲ್ಕು ಸಲ,” ಎಂದು ಓದಿದರು. “ಮಗೂನ ಕೂತಲ್ಲಿ ಕೂರೋಕೆ ಬಿಡದೆ ಇರೋದು ಯಾರು ಅಂತ ಇಲ್ಲೇ ಬರೆದಿದೆಯಲ್ಲ.”

“ಹೌದು, ನಾನೇ ಬರೆದಿದ್ದು,” ಎಂದಳು ಗಡಿಯಾರದಮ್ಮ. “ನನ್ನ ತಪ್ಪು ನಾನು ಬರ್ಕೊಂಡು ಬಂದಿದೀನಿ. ನಿಮ್ಮದನ್ನ ನೀವು ಬರೀತೀರೋ, ಅದನ್ನೂ ನಾನೇ ಬರೀಬೇಕೋ?”

ಹೆಡ್‌ಮಿಸ್ಟ್ರೆಸ್ ಹಾಳೆ ಕೆಳಗಿಟ್ಟು, ಪುಟ ಮತ್ತೆ ಬರೆಸುವ ಕಟ್ಟಳೆ ಇವತ್ತಿಗೆ ಮುಗಿಯಿತು, ಐದು ಮಕ್ಕಳೂ ಇದೇ ಕ್ಲಾಸಿನಲ್ಲಿ ಇರುತ್ತಾರೆ ಎಂದರು. ಪೋಷಕರು ಎದ್ದು ಬಂದು ಅವಳ ಸುತ್ತ ನಿಂತರು. ಟೀಚರ್ ಮೂರು ಹಾಳೆಗಳನ್ನು ಮಡಿಸಿ ಡ್ರಾಯರಿಗೆ ಹಾಕಿ, ಬೀಗ ತಿರುಗಿಸಲು ಎರಡು ಸಲ ಒದ್ದಾಡಿದ್ದನ್ನು ಗಡಿಯಾರದಮ್ಮ ಓರೆಗಣ್ಣಲ್ಲಿ ನೋಡಿದಳು. ಅದೂ ಹಿತವೆನಿಸಿತು.

ಮಗಳು ವರಾಂಡದ ತುದಿಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ತಾಯಿ ಗೆದ್ದ ಮುಖದಲ್ಲಿ ಬಂದು, ನೀನು ಎಲ್ಲಿಗೂ ಹೋಗಬೇಕಾಗಿಲ್ಲ, ಇದೇ ಕ್ಲಾಸು ಎಂದಳು. ಮಗಳು ಗೇಟಿನವರೆಗೆ ಅವಳ ಹಿಂದೆಯೇ ಬಂದಳು. ಅಲ್ಲಿ ನಿಂತುಬಿಟ್ಟಳು.

“ಅಮ್ಮ, ಸೋಮವಾರ ನೀನು ಫ್ಯಾಕ್ಟರಿಗೆ ಹೋಗ್ತೀಯ. ಆ ಟೀಚರ್ ಮುಂದೆ ಕೂರೋಳು ನಾನು.”

ಅವರು ಇನ್ನು ನಿನ್ನ ತಂಟೆಗೆ ಬರುವುದಿಲ್ಲ ಎಂದಳು ತಾಯಿ. ಬರದೇ ಇರ್ತಾರಾ ಎಂದಳು ಮಗಳು. ಆಮೇಲೆ ಚೀಲದ ಪಟ್ಟಿ ನೋಡುತ್ತ, ಗೋಡೌನಿನಲ್ಲಿ ಹೊಡೆದುಹಾಕಿ ಬರೆದರೂ ಏನೂ ಅನ್ನುವುದಿಲ್ಲವಂತೆ, ಅಲ್ಲಿ ಹದಿನಾಲ್ಕೇ ಜನ, ಅಲ್ಲಿನ ಟೀಚರ್ ಅರ್ಧ ಹೋಮ್‌ವರ್ಕನ್ನು ಕ್ಲಾಸಿನಲ್ಲೇ ಮಾಡಿಸುತ್ತಾರಂತೆ ಎಂದಳು. “ನನ್ನ ಹೆಸರು ಓದ್ತಾರೆ ಅಂತ ಕಾಯ್ತಿದ್ದೆ ಅಮ್ಮ ನಾನು.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ನೀನು ಮುಗೀತಾ ಅಂತ ಮಾತ್ರ ಕೇಳ್ತೀಯಲ್ಲ.”

ಗಡಿಯಾರದಮ್ಮ ಗೇಟಿನ ಸರಳು ಹಿಡಿದು ನಿಂತಳು. ಹನ್ನೆರಡು ಸಂಜೆ ಎಲ್ಲವನ್ನೂ ಅಳೆದಿದ್ದಳು. ನಿನಗೆ ಎಲ್ಲಿ ಕೂರಬೇಕು ಎಂದು ಒಂದು ಸಲವೂ ಕೇಳಿರಲಿಲ್ಲ. ಸಿಟ್ಟು ಬಂದದ್ದು ಡೈರಿಯ ಆ ಸಾಲಿಗೆ. ಆ ಸಾಲು ಬರೆದದ್ದು ತನ್ನ ಬಗ್ಗೆ. ಸೇಡು ತೀರಿದ್ದೂ ತನ್ನದೇ.

ಮಗಳನ್ನು ಅಲ್ಲೇ ಇರಲು ಹೇಳಿ ವಾಪಸು ಹೋದಳು. ಆಫೀಸಿನಲ್ಲಿ ಹೆಡ್‌ಮಿಸ್ಟ್ರೆಸ್ ಎದುರು ಟೀಚರ್ ಕೂತಿದ್ದರು. ಕಣ್ಣು ಕೆಂಪಾಗಿತ್ತು. ಗಡಿಯಾರದಮ್ಮ ಬಾಗಿಲಲ್ಲೇ ನಿಂತು, ತನ್ನ ಮಗಳ ಹೆಸರನ್ನು ಆ ಸೆಕ್ಷನ್ನಿಗೇ ಸೇರಿಸಬೇಕೆಂದು ಹೇಳಿದಳು. ಹೆಡ್‌ಮಿಸ್ಟ್ರೆಸ್ ಅರ್ಜಿಯ ಹಾಳೆಯನ್ನು ಟೀಚರ್ ಕಡೆ ತಳ್ಳಿದರು. ಹೆಸರು ಬರೆಯಬೇಕಾದವರು ಕ್ಲಾಸ್ ಟೀಚರೇ.

ಟೀಚರ್ ಅವಳನ್ನು ಕೂರಲು ಹೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು. ನಿಧಾನವಾಗಿ ಬರೆದರು, ಮಗುವಿನ ಹೆಸರು, ತಂದೆಯ ಹೆಸರು, ಕ್ಲಾಸು, ತಾರೀಕು. ಒಂದು ಅಕ್ಷರವೂ ತಪ್ಪಲಿಲ್ಲ. ‘ಕಾರಣ’ ಎಂದು ಅಚ್ಚಾಗಿದ್ದ ಜಾಗಕ್ಕೆ ಬಂದಾಗ ತಲೆ ಎತ್ತಿದರು.

“ಏನು ಬರೀಲಿ?”

ಹೇಳಲು ಎಷ್ಟೋ ಇತ್ತು. ಆ ಬೆವರಿದ ಹಣೆ ನೆನೆದರೆ ಅವಳಿಗೆ ಈಗಲೂ ಖುಷಿಯೇ ಆಗುತ್ತಿತ್ತು. ಅದನ್ನು ಮಗಳಿಗೆ ಕಾಣದ ಹಾಗೆ ಇಟ್ಟುಕೊಳ್ಳಬೇಕಿತ್ತು, ಅಷ್ಟೇ.

“ತಾಯಿಯ ಕೋರಿಕೆ ಅಂತ ಬರೀರಿ,” ಎಂದಳು.

ಟೀಚರ್ ಅದನ್ನು ಬರೆದು, ಕೆಳಗೆ ಸಹಿಗೆಂದು ಒಂದು ಗೆರೆ ಎಳೆದರು. ಗಡಿಯಾರದಮ್ಮ ಬಗ್ಗಿ ಸಹಿ ಹಾಕಿದಳು.