ಮೂರು ಲಕ್ಷ ಕೈಗಳು

ಎದುರು ಸಾಲಿನಲ್ಲಿ ಯಾರೋ ಕೆಮ್ಮಿದರು, ಬಲ ಶ್ವಾಸಕೋಶ, ಕೆಳಗಿನ ಮೂಲೆ, ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾರೆಂಬುದನ್ನೂ ಅದೇ ಕೆಮ್ಮಿನಿಂದ ಹೇಳಿಬಿಡಬಲ್ಲೆ, ನಾನೇನು ಸಾಮಾನ್ಯನೇ, ಹುಟ್ಟಿದ ಗಳಿಗೆಯಲ್ಲೇ ನನ್ನನ್ನೆತ್ತಿಕೊಂಡ ನರ್ಸಮ್ಮನ ನಾಡಿ ಹಿಡಿದು, ರಕ್ತದೊತ್ತಡ ಜಾಸ್ತಿಯಿದೆಯೆಂದು ಅತ್ತು ತಿಳಿಸಿದವನು — ಇನ್ನಿಬ್ಬರು ಮಾತಾಡಿದರೆ ನನ್ನ ಸರದಿ, ಸಂಸದನಾಗಿ ಮೊದಲ ಭಾಷಣ, ಕಾಗದದ ಮೊದಲ ಸಾಲು ಬಂಗಾರದಂತಿದೆ: ಮಾನ್ಯ ಸಭಾಧ್ಯಕ್ಷರೇ, ಚುನಾವಣೆಯಲ್ಲಿ ಮೂರು ಲಕ್ಷ ಕೈ ಕುಲುಕಿದೆ, ಕುಲುಕುತ್ತಲೇ ಮೂರು ಲಕ್ಷ ನಾಡಿ ನೋಡಿದೆ, ಒಂದು ಕಾಯಿಲೆಯೂ ನನ್ನ ಬೆರಳಿನಿಂದ ತಪ್ಪಿಸಿಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷ ಕ್ಲಿನಿಕ್ಕಿನಲ್ಲಿ ಕೂತವನ ಬೆರಳು, ಯಾರ ಕೈ ಸಿಕ್ಕರೂ ಮಣಿಕಟ್ಟಿಗೇ ಜಾರುತ್ತದೆ, ಮದುವೆಯಾದ ಹೊಸದರಲ್ಲಿ ಹೆಂಡತಿಯ ಕೈ ಹಿಡಿದಾಗಲೂ, ಬಿಡ್ರೀ, ನಾನೇನು ನಿಮ್ಮ ಪೇಶಂಟಾ ಅಂದಿದ್ದಳು, ಆ ಬೆರಳಿನ ಗುಣವನ್ನೇ ಪ್ರಚಾರದಲ್ಲಿ ಬೀದಿಬೀದಿಗೆ ಮೈಕು ಹಿಡಿದು ಸಾರಿದೆ, ಓಟು ಕೊಡಿ ಬಿಡಿ, ಕೈಯಂತೂ ಕೊಡಿ, ಕಾಯಿಲೆ ಇದ್ರೆ ಅಲ್ಲೇ ಹೇಳ್ತೀನಿ! ಜನ ಮೈಲಿಗಟ್ಟಲೆ ಸಾಲು ನಿಂತರು, ಸರಿ, ಮೈಲಿಯಲ್ಲ, ಬಸ್ ನಿಲ್ದಾಣದಿಂದ ಪಕ್ಕದ ಕ್ಷೌರದಂಗಡಿಯವರೆಗೆ.

ನಿನ್ನೆ ಬೆಳಿಗ್ಗೆ, ಊರಿನಿಂದ ದೆಹಲಿಗೆ ಹೊರಡುವ ಹೊತ್ತಿಗೆ, ಆಕೆ ಬರಬಾರದಿತ್ತು, ಬಸ್ ಡ್ರೈವರನ ಹೆಂಡತಿ, ಪಿಂಚಣಿಗೊಂದು ಶಿಫಾರಸು ಪತ್ರ ಕೇಳಲು ಬಂದವಳು ಕುರ್ಚಿಯ ತುದಿಯಲ್ಲಿ ಕೂತು, ಬೈಯಲೂ ಇಲ್ಲ, ನಮ್ಮೆಜಮಾನ್ರು ಎದೆ ನೋವು ಅಂತಿದ್ರು ಡಾಕ್ಟ್ರೇ, ಆಸ್ಪತ್ರೆಗೆ ಹೋಗೋಣ ಅಂದೆ, ಬಿಡೇ, ಮೊನ್ನೆ ತಾನೇ ಓಟು ಕೇಳೋಕೆ ಬಂದಾಗ ಡಾಕ್ಟ್ರು ಕೈ ಹಿಡಿದು ನೋಡಿದಾರೆ, ಏನೂ ಹೇಳ್ಲಿಲ್ಲ, ಅವರು ಹೇಳ್ಲಿಲ್ಲ ಅಂದ್ರೆ ಏನೂ ಇಲ್ಲ ಅಂದ್ರು, ಮಲಗಿದ್ರು, ಅಷ್ಟೇ, ಏಳ್ಲೇ ಇಲ್ಲ, ನಿಮಗೂ ತಪ್ಪೋದುಂಟಾ ಡಾಕ್ಟ್ರೇ? ತಪ್ಪತ್ತಮ್ಮಾ, ಅಷ್ಟು ಜನದಲ್ಲಿ ಗೊತ್ತಾಗ್ಲಿಲ್ಲ ಅಂದೆ, ಗೊತ್ತಾಗಲಿಲ್ಲವೆಂದು ಜನ್ಮದಲ್ಲೇ ಒಪ್ಪಿಕೊಳ್ಳದ ನಾನು, ಆಕೆ ನಂಬಿದಳು, ನನಗೇ ಸಮಾಧಾನ ಹೇಳಿ ಎದ್ದುಹೋದಳು — ಆ ಚಾಚಿದ ಕೈ, ಬೇಡ, ಅದು ಬೇಡ, ಕಾಗದ ನೋಡು, ಕಾಗದ.

ಸಭಾಧ್ಯಕ್ಷರು ನನ್ನ ಹೆಸರು ಕರೆದರು, ಎದ್ದೆ, ನಮ್ಮವರು ಮೇಜು ಕುಟ್ಟುತ್ತಿದ್ದಾರೆ, ಶುರು ಮಾಡಿ ಡಾಕ್ಟ್ರೇ, ಬಾಯಿ ತೆರೆದೆ, ಮೂರು ಲಕ್ಷ — ಸುಳ್ಳು, ಮೂರು ಸಾವಿರವೂ ಇರಲಿಕ್ಕಿಲ್ಲ, ತಪ್ಪಿಸಿಕೊಳ್ಳಲಿಲ್ಲ ಎಂಬುದೊಂದೇ ನಿಜ, ಆ ಡ್ರೈವರನ ಕಾಯಿಲೆಯೂ ತಪ್ಪಿಸಿಕೊಳ್ಳಲಿಲ್ಲ, ಸ್ಟೀರಿಂಗ್ ಹಿಡಿದು ದಡ್ಡುಗಟ್ಟಿದ ಅಂಗೈ, ಎರಡು ಬಡಿತ, ಬಿಡುವು, ಒಂದು ಬಡಿತ, ಉದ್ದನೆಯ ಬಿಡುವು, ಗೊತ್ತಾಯಿತು, ಆಗಲೇ ಗೊತ್ತಾಯಿತು, ಕ್ಯಾಮೆರಾ ಇತ್ತು, ಹಿಂದಿನವರು ನೂಕುತ್ತಿದ್ದರು, ಒಬ್ಬನಿಗೆ ಆಸ್ಪತ್ರೆಗೆಂದು ಚೀಟಿ ಬರೆಯುತ್ತ ನಿಂತರೆ ಸಾಲು ಚದುರುತ್ತಿತ್ತು, ಓಟು ನಮಗೇ ಅಣ್ಣಾ ಅಂದು ಕೈ ಬಿಟ್ಟೆ, ಬಿಟ್ಟ ಮೇಲೂ ಆತ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಇನ್ನೇನಾದರೂ ಹೇಳಿಯೇನೆಂದು, ಹಾಗೇ, ಗಾಳಿಯಲ್ಲಿ, ಚಾಚಿದ ಕೈ —